ಬಂಡವಾಳ ಬಯಲಾಗುವ ಭಯ: ಕೆಲಸದಲ್ಲಿ ಇರುವವರಿಗೆ ಒಂದು ಮಾರ್ಗದರ್ಶಿ

ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ, ಒಳಗಿನ ಹೂರಣ ಮಾತ್ರ ಒಂದೇ. “ಪ್ರಮೋಷನ್ ಸಿಕ್ಕಿತು, ಆದರೆ ನನಗೇನೂ ಬರಲ್ಲ ಅಂತ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತೆ.” “ಇಂಟರ್‌ವ್ಯೂ ಹೇಗೋ ದಾಟಿಬಿಟ್ಟೆ, ಅದೃಷ್ಟ. ಟೀಮಿನಲ್ಲಿ ಎಲ್ಲರೂ ನನಗಿಂತ ಬುದ್ಧಿವಂತರು.” “ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಮೀಟಿಂಗಿನಲ್ಲಿ ಬಾಯಿ ಬಿಟ್ಟರೆ ಬಂಡವಾಳ ಬಯಲಾಗುತ್ತೆ.” ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ.

ಕೇಳುವವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವರೇ ಜಾಸ್ತಿ. ಬ್ಯಾಂಕಿನವರು, ನರ್ಸ್‌ಗಳು, ವಕೀಲರು, ಈಗಷ್ಟೇ ಪಾಠ ಮಾಡಲು ಶುರು ಮಾಡಿದ ಲೆಕ್ಚರರ್‌ಗಳೂ ಇದ್ದಾರೆ. ಉದಾಹರಣೆಗಳನ್ನು ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಇದಕ್ಕೆ ಏನಂತಾರೆ

ಇಂಪಾಸ್ಟರ್ ಸಿಂಡ್ರೋಮ್ ಎಂಬ ಹೆಸರು ಕೇಳಿರುತ್ತೀರಿ. ಇಂಪಾಸ್ಟರ್ ಅಂದರೆ ವೇಷ ಹಾಕಿಕೊಂಡು ಮೋಸ ಮಾಡುವವನು. ಕೆಲಸ ಬರುತ್ತದೆ ಎನ್ನುವುದಕ್ಕೆ ಕಣ್ಣೆದುರೇ ಪುರಾವೆ ಇದ್ದರೂ ‘ನಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ’ ಅನ್ನಿಸುವ ಸ್ಥಿತಿ ಇದು. ಅಮೆರಿಕದ ಅಟ್ಲಾಂಟಾದಲ್ಲಿದ್ದ ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಒಳ್ಳೆಯ ಓದು, ಒಳ್ಳೆಯ ಹುದ್ದೆ ಇದ್ದ 150ಕ್ಕೂ ಹೆಚ್ಚು ಹೆಂಗಸರ ಜೊತೆ ಕೆಲಸ ಮಾಡಿ ಕಂಡದ್ದನ್ನು ಅವರು ಬರೆದಿದ್ದರು. ಗಂಡಸರಿಗೂ ಇದು ಆಗುತ್ತದೆ ಎಂದು ಆಮೇಲೆ ತಿಳಿಯಿತು.

ಅವರು ಇಟ್ಟ ಹೆಸರಿನಲ್ಲಿ ‘ಸಿಂಡ್ರೋಮ್’ ಇರಲಿಲ್ಲ, ‘ಫಿನಾಮಿನನ್’ ಇತ್ತು. ಅಂದರೆ ಹೀಗೊಂದು ಅನುಭವ ಇದೆ ಅಂತಷ್ಟೇ. ಮನೋವೈದ್ಯರು ಬಳಸುವ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಆದ್ದರಿಂದ ‘ನನಗೆ ಇಂಥ ಕಾಯಿಲೆ ಇದೆ’ ಎಂದು ಹಣೆಪಟ್ಟಿ ಅಂಟಿಸಿಕೊಳ್ಳಬೇಡಿ.

ಇನ್ನೊಂದು ಎಚ್ಚರಿಕೆ. ‘ನೂರಕ್ಕೆ 70 ಜನರಿಗೆ ಇದು ಇದೆ’ ಎನ್ನುವ ಮಾತು ಎಲ್ಲ ಕಡೆ ಓಡಾಡುತ್ತಿರುತ್ತದೆ. ಅದನ್ನು ನೆಚ್ಚಿಕೊಳ್ಳಬೇಡಿ. 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2020ರ ಒಂದು ಪರಿಶೀಲನೆಯಲ್ಲಿ ಈ ಪ್ರಮಾಣ ನೂರಕ್ಕೆ 9ರಿಂದ 82ರವರೆಗೆ ಇತ್ತು. ಯಾವ ಅಳತೆಗೋಲು ಹಿಡಿದಿರಿ, ಗೆರೆ ಎಲ್ಲಿ ಎಳೆದಿರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ತುಂಬಾ ಜನರಿಗೆ ಆಗುತ್ತದೆ ಎಂದು ತಿಳಿದುಕೊಂಡರೆ ನಮ್ಮ ಕೆಲಸಕ್ಕೆ ಸಾಕು.

ಏನೇನು ಬೇಕು

ನೂರು ಪುಟದ ಒಂದು ನೋಟ್‌ಬುಕ್. ಪ್ರತಿ ಶುಕ್ರವಾರ ಸಂಜೆ ಹದಿನೈದು ನಿಮಿಷ. ನಿಮ್ಮ ಕೆಲಸ ಗೊತ್ತಿರುವ, ನಂಬಿಕೆಯ ಒಬ್ಬ ವ್ಯಕ್ತಿ. ಮೂರು ತಿಂಗಳ ತಾಳ್ಮೆ.

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇದನ್ನು ಬರೆಯಬೇಡಿ. ಕೆಲಸ ಬಿಟ್ಟ ದಿನ ಲ್ಯಾಪ್‌ಟಾಪಿನ ಜೊತೆ ಅದೂ ಹೋಗುತ್ತದೆ. ನೋಟ್‌ಬುಕ್ಕಿನಲ್ಲೂ ಗ್ರಾಹಕರ ಹೆಸರು, ರೋಗಿಗಳ ಹೆಸರು, ಖಾತೆ ನಂಬರ್ ಬರೆಯಬೇಡಿ. ‘ಒಬ್ಬ ಗ್ರಾಹಕರು’ ಅಂದರೆ ಸಾಕು.

ಹಂತ 1: ಅನುಮಾನವನ್ನು ಮೂರು ರಾಶಿ ಮಾಡಿ

‘ನನಗೆ ಏನೂ ಬರಲ್ಲ’ ಎನ್ನುವ ವಾಕ್ಯವನ್ನು ಇಟ್ಟುಕೊಂಡು ಏನೂ ಮಾಡಲು ಆಗುವುದಿಲ್ಲ. ಎಲ್ಲಿ ಹಿಡಿಯಬೇಕು ಅಂತಲೇ ಗೊತ್ತಾಗುವುದಿಲ್ಲ. ಅದನ್ನು ಬಿಡಿಸಬೇಕು. ಒಂದು ವಾರ, ಹಾಗೆ ಅನ್ನಿಸಿದಾಗಲೆಲ್ಲ ಆಗ ಏನಾಯಿತು ಎಂದು ಒಂದು ಸಾಲು ಬರೆದಿಡಿ. ಶುಕ್ರವಾರ ಕೂತು ಒಂದೊಂದರ ಮುಂದೂ ಒಂದು ಅಕ್ಷರ ಹಾಕಿ.

*ಕ* ಅಂದರೆ ಕಲಿಕೆ. ನಿಜವಾಗಿಯೂ ಗೊತ್ತಿಲ್ಲದ್ದು, ಕಲಿತರೆ ಬರುವಂಥದ್ದು. ‘ರಿಪೋರ್ಟ್ ತೆರೆಯೋಕೆ ಅರ್ಧ ನಿಮಿಷ ಬೇಕಾಗ್ತಿದೆ. ಯಾಕೆ ಅಂತ ಹುಡುಕೋಕೆ ಬರಲಿಲ್ಲ.’

*ಮ* ಅಂದರೆ ಮಾತು. ಕೆಲಸ ಗೊತ್ತು, ಆದರೆ ಅಲ್ಲಿನ ಭಾಷೆ ಅಥವಾ ರೂಢಿ ಗೊತ್ತಿಲ್ಲ. ‘ಲೆಟ್ಸ್ ಟೇಕ್ ಇಟ್ ಆಫ್‌ಲೈನ್ ಅಂದರು. ನನಗೇನೋ ಬೈದರು ಅಂದುಕೊಂಡೆ.’ ಈ ವಿಷಯ ಆಮೇಲೆ ಬೇರೆಯಾಗಿ ಮಾತಾಡೋಣ ಅಂತ ಅದರ ಅರ್ಥ, ಅಷ್ಟೇ.

*ಭ* ಅಂದರೆ ಭಯ. ಗೊತ್ತಿದೆ, ಮಾಡಿದ್ದೂ ಆಗಿದೆ, ಆದರೂ ಮನಸ್ಸು ಒಪ್ಪುತ್ತಿಲ್ಲ. ‘ನನ್ನ ಡಿಸೈನ್ ಒಪ್ಪಿಕೊಂಡರು. ಸರಿಯಾಗಿ ನೋಡಿರಲಿಕ್ಕಿಲ್ಲ ಅನ್ನಿಸಿತು.’

ಹೀಗೆ ಬೇರ್ಪಡಿಸುವುದೇ ಅರ್ಧ ಕೆಲಸ. ಒಂದೊಂದಕ್ಕೂ ಮದ್ದು ಬೇರೆ. *ಕ* ಇದ್ದರೆ ಕಲಿಯಬೇಕು, ಅದೂ ಒಂದು ಸಲಕ್ಕೆ ಒಂದೇ. *ಮ* ಇದ್ದರೆ ರೂಢಿ ಮಾಡಿಕೊಳ್ಳಬೇಕು. *ಭ* ಇದ್ದರೆ ಇನ್ನಷ್ಟು ಓದಿ ಪ್ರಯೋಜನವಿಲ್ಲ, ಲೆಕ್ಕ ಬರೆಯಬೇಕು.

ನಮ್ಮವರಲ್ಲಿ *ಮ* ರಾಶಿಯೇ ದೊಡ್ಡದು, ಮತ್ತು ಅದು ಯಾವಾಗಲೂ *ಕ* ವೇಷ ಹಾಕಿಕೊಂಡು ಬರುತ್ತದೆ. ವಕೀಲರನ್ನೇ ನೋಡಿ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲಿ ಹತ್ತು ವರ್ಷ ವಾದ ಮಾಡಿದವರು ಹೈಕೋರ್ಟಿಗೆ ಬರುತ್ತಾರೆ. ಅಲ್ಲಿ ಕಲಾಪ ಇಂಗ್ಲಿಷಿನಲ್ಲಿ. ಕಾನೂನು ಅದೇ, ಸಾಕ್ಷ್ಯ ಅದೇ, ತಲೆಯೂ ಅದೇ. ಆದರೂ ಮೊದಲ ವಾರಕ್ಕೇ ‘ನನಗೆ ಕಾನೂನೇ ಬರಲ್ಲವೇನೋ’ ಅನ್ನಿಸಿಬಿಡುತ್ತದೆ. ಹಳ್ಳಿ ಶಾಲೆಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದ ಹುಡುಗಿ ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ನಲ್ಲಿ ‘ಲಂಬಕೋನ’ಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ತಡಕಾಡುತ್ತಾಳೆ, ದಡ್ಡಿ ಎಂದು ತೀರ್ಮಾನಿಸಿಕೊಳ್ಳುತ್ತಾಳೆ. ಹತ್ತು ವರ್ಷ ಆದ ಮೇಲೂ ಆ ತೀರ್ಮಾನ ಹಾಗೇ ಕೂತಿರುತ್ತದೆ.

*ಎಡವುವ ಜಾಗ:* ಎಲ್ಲದಕ್ಕೂ *ಕ* ಹಾಕುವುದು. ಆಗ ನೀವು ಕೋರ್ಸ್ ಮೇಲೆ ಕೋರ್ಸ್ ಕೊಳ್ಳುತ್ತೀರಿ. ನಾಲ್ಕನೇ ಸರ್ಟಿಫಿಕೇಟ್ ಬಂದ ಮೇಲೂ ಭಯ ಇದ್ದಲ್ಲೇ ಇರುತ್ತದೆ. ಇದರ ಉಲ್ಟಾ ಕೂಡ ನೋಡಿದ್ದೇನೆ, ಖಾರವಾಗಿ ಹೇಳುತ್ತೇನೆ, ಕ್ಷಮಿಸಿ. ನಿಜವಾಗಿ ಕಲಿಯಬೇಕಾದ್ದನ್ನು ಕಲಿಯದೆ ‘ಇದು ಸುಮ್ನೆ ಇಂಪಾಸ್ಟರ್ ಸಿಂಡ್ರೋಮ್’ ಎಂದು *ಭ* ರಾಶಿಗೆ ತಳ್ಳುವವರೂ ಇದ್ದಾರೆ. ಅನುಮಾನ ಬಂದರೆ ಒಂದು ಪರೀಕ್ಷೆ ಮಾಡಿ: ಅದೇ ಕೆಲಸವನ್ನು ಕನ್ನಡದಲ್ಲಿ ಒಬ್ಬ ಜೂನಿಯರ್‌ಗೆ ವಿವರಿಸಲು ಆಗುತ್ತದೆಯೇ? ಆಗುತ್ತದೆ ಅಂತಾದರೆ ಅದು *ಕ* ಅಲ್ಲ.

ಹಂತ 2: ಲೆಕ್ಕದ ಪುಸ್ತಕ ಇಡಿ

ಕಿರಾಣಿ ಅಂಗಡಿಯವರು ರಾತ್ರಿ ಬಾಗಿಲು ಹಾಕುವಾಗ ‘ಇವತ್ತು ವ್ಯಾಪಾರ ಆದ ಹಾಗೆ ಅನ್ನಿಸಲಿಲ್ಲ’ ಎಂದು ಬರೆದಿಡುವುದಿಲ್ಲ. ಗಲ್ಲಾಪೆಟ್ಟಿಗೆ ತೆಗೆದು ಎಣಿಸುತ್ತಾರೆ. ಬಂಡವಾಳ ಬಯಲಾಗುತ್ತದೆ ಎಂದು ಹೆದರುವ ನೀವು ಅದು ಎಷ್ಟಿದೆ ಎಂದು ಒಮ್ಮೆಯಾದರೂ ಎಣಿಸಿದ್ದೀರಾ?

ಪುಟಕ್ಕೆ ನಾಲ್ಕು ಕಾಲಂ ಹಾಕಿ: ದಿನಾಂಕ, ಏನು ಮಾಡಿದೆ, ಅದರಿಂದ ಏನಾಯಿತು, ಪುರಾವೆ ಏನು. ‘ಚೆನ್ನಾಗಿ’, ‘ಕಷ್ಟಪಟ್ಟು’, ‘ಸುಮಾರಾಗಿ’ ಇಂಥ ಪದ ಬರೆಯಬಾರದು ಎನ್ನುವುದು ಒಂದೇ ನಿಯಮ. ನಡೆದದ್ದು ಮತ್ತು ಅಂಕಿ, ಅಷ್ಟೇ.

‘ಈ ವಾರ ಪರವಾಗಿಲ್ಲ’ ಎನ್ನುವುದು ಲೆಕ್ಕವಲ್ಲ. ‘ಮಂಗಳವಾರ ರಾತ್ರಿ ಸರ್ವರ್ ನಿಂತಿತ್ತು. ಲಾಗ್ ನೋಡಿ ಡಿಸ್ಕ್ ತುಂಬಿದೆ ಅಂತ ಹಿಡಿದೆ. 40 ನಿಮಿಷದಲ್ಲಿ ಮತ್ತೆ ಶುರುವಾಯಿತು. ಟಿಕೆಟ್‌ನಲ್ಲಿ ನನ್ನ ಹೆಸರಿದೆ’, ಇದು ಲೆಕ್ಕ. (ಟಿಕೆಟ್ ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ದೂರು.) ಬ್ಯಾಂಕಿನವರಾದರೆ: ‘ಬಾಕಿ ಇದ್ದ 12 ಸಾಲದ ಫೈಲುಗಳಲ್ಲಿ 9 ಮುಗಿಸಿದೆ. ಆಡಿಟ್‌ನಲ್ಲಿ ಆಕ್ಷೇಪಣೆ ಬರಲಿಲ್ಲ.’ ನರ್ಸ್ ಆದರೆ: ‘ರಾತ್ರಿ ಪಾಳಿಯಲ್ಲಿ ಒಬ್ಬರ ಬಿಪಿ ಇಳಿಯುತ್ತಿರುವುದನ್ನು ನೋಡಿ ಡ್ಯೂಟಿ ಡಾಕ್ಟರನ್ನು ಕರೆಸಿದೆ. ಡ್ರಿಪ್ ಬದಲಿಸಿದರು.’

ಯಾರಾದರೂ ಏನಾದರೂ ಹೇಳಿದ್ದರೆ ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯಿರಿ. ‘ಗುಡ್ ಕ್ಯಾಚ್’ ಅಂದಿದ್ದರೆ ‘ಗುಡ್ ಕ್ಯಾಚ್’ ಅಂತಲೇ ಬರೆಯಿರಿ. ‘ಏನೋ ಹೊಗಳಿದರು’ ಎಂದು ಬರೆದರೆ ಎರಡು ತಿಂಗಳ ಮೇಲೆ ನೀವೇ ನಂಬುವುದಿಲ್ಲ.

ತಪ್ಪುಗಳನ್ನೂ ಬರೆಯಿರಿ. ಬರೀ ಜಮಾ ಇದ್ದು ಖರ್ಚೇ ಇಲ್ಲದ ಪುಸ್ತಕವನ್ನು ಯಾರು ನಂಬುತ್ತಾರೆ? ತಪ್ಪಿನ ಪಕ್ಕದಲ್ಲಿ ಅದನ್ನು ಹೇಗೆ ಸರಿ ಮಾಡಿದಿರಿ ಎಂದೂ ಇರಲಿ.

‘ಅದು ನನ್ನಿಂದ ಆಗಿದ್ದಲ್ಲ, ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು’ ಎಂದು ಮನಸ್ಸು ಹೇಳುತ್ತದೆ. ಒಂದು ಸಲ, ಎರಡು ಸಲ ಒಪ್ಪೋಣ. ಹನ್ನೆರಡು ವಾರದ ಪುಟ ತಿರುವಿದಾಗ ಪ್ರತಿ ಸಲವೂ ಕೂತಾಗಲೇ ಮುರಿದಿದ್ದರೆ ಕಾಗೆಗೂ ಸ್ವಲ್ಪ ತೂಕ ಇದೆ ಅಂತ ಅರ್ಥ, ಅಲ್ವಾ?

*ಎಡವುವ ಜಾಗ:* ದಿನಾ ಬರೆಯಲು ಹೋಗುವುದು. ಎರಡನೇ ವಾರಕ್ಕೇ ಕೈಬಿಡುತ್ತೀರಿ. ವಾರಕ್ಕೆ ಮೂರು ಸಾಲು ಸಾಕು.

ಹಂತ 3: ಗಾಣದಿಂದ ಎತ್ತನ್ನು ಬಿಚ್ಚಿ

ಕ್ಲಾನ್ಸ್ ಈ ಭಯದ ಒಂದು ಸುತ್ತನ್ನು ಗುರುತಿಸಿದ್ದಾರೆ. ಹೊಸ ಕೆಲಸ ಬರುತ್ತದೆ. ಹೆದರಿಕೆ ಶುರುವಾಗುತ್ತದೆ. ಆಗ ಮನುಷ್ಯ ಎರಡರಲ್ಲಿ ಒಂದು ಮಾಡುತ್ತಾನೆ: ಬೇಕಾದ್ದಕ್ಕಿಂತ ಹತ್ತು ಪಟ್ಟು ತಯಾರಿ, ಇಲ್ಲವೇ ಕೊನೆ ಗಳಿಗೆಯವರೆಗೆ ಮುಂದೂಡಿಕೆ. ಕೆಲಸ ಮುಗಿಯುತ್ತದೆ, ಒಂದು ದಿನ ಹಾಯೆನಿಸುತ್ತದೆ. ತಯಾರಿ ಮಾಡಿದವನು ‘ರಾತ್ರಿಯೆಲ್ಲ ಕೂತಿದ್ದಕ್ಕೆ ಆಯಿತು, ಬುದ್ಧಿ ಇದ್ದಿದ್ದಕ್ಕಲ್ಲ’ ಅನ್ನುತ್ತಾನೆ. ಮುಂದೂಡಿದವನು ‘ಅದೃಷ್ಟ’ ಅನ್ನುತ್ತಾನೆ. ಎರಡರಲ್ಲೂ ಹೆಸರು ತನಗೆ ಬರುವುದಿಲ್ಲ. ಮುಂದಿನ ಕೆಲಸಕ್ಕೆ ಮತ್ತೆ ಅದೇ ಗಾಣ.

ಇದನ್ನು ಮುರಿಯಲು ತಯಾರಿಗೆ ಮೊದಲೇ ಮಿತಿ ಹಾಕಿ. ಅರ್ಧ ಗಂಟೆಯ ಪ್ರೆಸೆಂಟೇಷನ್‌ಗೆ ಎಷ್ಟು ಹೊತ್ತು ಬೇಕು ಎಂದು ಪಕ್ಕದ ಸೀಟಿನವರನ್ನು ಕೇಳಿ. ಅವರು ‘ಮೂರು ಗಂಟೆ’ ಅಂದರೆ ನೀವು ನಾಲ್ಕು ತೆಗೆದುಕೊಳ್ಳಿ, ಹದಿನಾಲ್ಕು ಬೇಡ. ಮುಗಿದ ಮೇಲೆ ತಯಾರಿಸಿದ್ದರಲ್ಲಿ ಎಷ್ಟು ಬಳಕೆಗೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಪ್ಪತ್ತು ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದಿರಿ, ಅವರು ಕೇಳಿದ್ದು ಎರಡು. ಇದನ್ನು ನಾಲ್ಕು ಸಲ ಕಣ್ಣಾರೆ ಕಂಡರೆ ಕೈ ತಾನೇ ಹಿಡಿತಕ್ಕೆ ಬರುತ್ತದೆ.

*ಎಚ್ಚರ:* ಔಷಧಿಯ ಪ್ರಮಾಣ, ಹಣದ ವರ್ಗಾವಣೆ, ಕೋರ್ಟಿಗೆ ಸಲ್ಲಿಸುವ ಕಾಗದ, ಇವುಗಳನ್ನು ಎರಡು ಸಲ ನೋಡುವುದನ್ನು ಕಡಿಮೆ ಮಾಡಬೇಡಿ. ಅದು ಕೆಲಸದ ಶಿಸ್ತು. ನಾನು ಹೇಳುತ್ತಿರುವುದು ಕಳುಹಿಸುವ ಮುಂಚೆ ನಾಲ್ಕು ಸಾಲಿನ ಮೇಲ್ ಅನ್ನು ಒಂಬತ್ತು ಸಲ ಓದುವ ಬಗ್ಗೆ.

ಹಂತ 4: ಬಾಯಿ ಬಿಡಿ, ಮೊದಲ ಹತ್ತು ನಿಮಿಷದೊಳಗೆ

ಇದು *ಮ* ರಾಶಿಗೆ. ಮೀಟಿಂಗಿನಲ್ಲಿ ಸುಮ್ಮನೆ ಕೂತಷ್ಟೂ ಬಾಯಿ ಬಿಡುವುದು ಕಷ್ಟವಾಗುತ್ತಾ ಹೋಗುತ್ತದೆ. ಅರ್ಧ ಗಂಟೆ ಆದ ಮೇಲೆ ಮಾತಾಡಬೇಕಾದರೆ ಏನೋ ಘನವಾದದ್ದನ್ನೇ ಹೇಳಬೇಕು ಅನ್ನಿಸುತ್ತದೆ. ಅದಕ್ಕೆ ಮೊದಲ ಹತ್ತು ನಿಮಿಷದೊಳಗೆ ಏನಾದರೂ ಒಂದು ಸಣ್ಣದನ್ನು ಹೇಳಿ. ಒಂದು ಪ್ರಶ್ನೆಯೂ ಆಗುತ್ತದೆ: ‘ಈಸ್ ದಿಸ್ ಫಾರ್ ದಿಸ್ ಮಂತ್ ಆರ್ ನೆಕ್ಸ್ಟ್?’

ಮೀಟಿಂಗಿಗೆ ಮುಂಚೆ ಮೂರು ಅಂಶ ಬರೆದುಕೊಳ್ಳಿ. ಪೂರ್ತಿ ವಾಕ್ಯ ಬೇಡ. ಪೂರ್ತಿ ಬರೆದುಕೊಂಡರೆ ಬಾಯಿಪಾಠ ಒಪ್ಪಿಸಿದ ಹಾಗಾಗುತ್ತದೆ, ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಎಲ್ಲಾ ಕಲಸುಮೇಲೋಗರ.

ಮೂರು ವಾಕ್ಯಗಳನ್ನು ಮಾತ್ರ ಬಾಯಿಗೆ ಬರುವ ಹಾಗೆ ಮಾಡಿಕೊಳ್ಳಿ. ಅರ್ಥವಾಗದಿದ್ದಾಗ: ‘ಕುಡ್ ಯೂ ಸೇ ದಟ್ ಒನ್ಸ್ ಮೋರ್?’ ಅರ್ಥವಾಯಿತೋ ಇಲ್ಲವೋ ಅನುಮಾನವಿದ್ದಾಗ: ‘ಲೆಟ್ ಮಿ ಚೆಕ್ ಐ ಗಾಟ್ ಇಟ್ ರೈಟ್’ ಎಂದು ನಿಮ್ಮ ಮಾತಿನಲ್ಲಿ ಮತ್ತೆ ಹೇಳಿ. ಉತ್ತರ ಗೊತ್ತಿಲ್ಲದಾಗ: ‘ಐ ವಿಲ್ ಚೆಕ್ ಅಂಡ್ ಟೆಲ್ ಯೂ ಬೈ ಈವ್ನಿಂಗ್.’ ಸಂಜೆಯೊಳಗೆ ಹೇಳಿಯೇ ಹೇಳಿ. ಗೊತ್ತಿಲ್ಲ ಎಂದು ಹೇಳಿ ಸಂಜೆ ಉತ್ತರ ತಂದವರ ಮೇಲೆ ನಂಬಿಕೆ ಬೆಳೆಯುತ್ತದೆ. ಗೊತ್ತಿದ್ದ ಹಾಗೆ ತಲೆ ಆಡಿಸಿ ತಪ್ಪು ಮಾಡಿದವರ ಮೇಲಿನ ನಂಬಿಕೆ ಹೋಗುತ್ತದೆ.

‘ಸಾರಿ, ಮೈ ಇಂಗ್ಲಿಷ್...’ ಎಂದು ಮಾತ್ರ ಶುರು ಮಾಡಬೇಡಿ. ಅಲ್ಲಿಯವರೆಗೆ ನಿಮ್ಮ ವಿಷಯ ಕೇಳಲು ಕೂತಿದ್ದವರು ಆಮೇಲೆ ನಿಮ್ಮ ಇಂಗ್ಲಿಷ್ ಕೇಳಲು ಶುರು ಮಾಡುತ್ತಾರೆ.

ಆಫೀಸಿನಲ್ಲಿ ಓಡಾಡುವ ಸಂಕ್ಷೇಪಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿ ಮಾಡಿ. ಇಒಡಿ ಅಂದರೆ ಇವತ್ತು ಕೆಲಸ ಮುಗಿಯುವುದರೊಳಗೆ. ಆರ್‌ಸಿಎ ಅಂದರೆ ಸಮಸ್ಯೆಯ ಮೂಲ ಹುಡುಕುವುದು. ಎಸ್‌ಎಲ್‌ಎ ಅಂದರೆ ಇಷ್ಟರೊಳಗೆ ಮಾಡಿಕೊಡುತ್ತೇವೆ ಎಂದು ಗ್ರಾಹಕರಿಗೆ ಕೊಟ್ಟ ಮಾತು. ನಾಲ್ಕೈದು ವಾರದಲ್ಲಿ ಮೂವತ್ತು ನಲವತ್ತು ಸೇರುತ್ತವೆ. ನೀವು ದೊಡ್ಡ ವಿದ್ಯೆ ಎಂದುಕೊಂಡಿದ್ದರಲ್ಲಿ ಬಹುಪಾಲು ಈ ಪಟ್ಟಿಯೇ.

ಟೀಮಿನವರಿಗೆ ಕನ್ನಡ ಬರುತ್ತಿದ್ದರೆ ಚರ್ಚೆಯನ್ನು ಕನ್ನಡದಲ್ಲೇ ಮಾಡಿ, ಬರೆಯುವುದು ಇಂಗ್ಲಿಷಿನಲ್ಲಿ ಇರಲಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕನ್ನಡ ಬಾರದವರು ಒಬ್ಬರಿದ್ದರೂ ಅವರನ್ನು ಹೊರಗಿಡಬೇಡಿ. ಹೊರಗೆ ಕೂತವರಿಗೆ ಹೇಗಿರುತ್ತದೆ ಎಂದು ನಿಮಗೇ ಗೊತ್ತು.

ಹೇಳುವಾಗ ತಪ್ಪಾದರೆ? 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದ ವಿಷಯ ಹೇಳುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಟಿ-ಶರ್ಟ್ ಹಾಕಿಸಿ ಜನರಿದ್ದ ಕೋಣೆಗೆ ಕಳುಹಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ. ನಿಮ್ಮ ‘ಹ್ಯಾಸ್’, ‘ಹ್ಯಾವ್’ ಅದಲುಬದಲಾದದ್ದು ನಿಮಗೆ ಕೇಳಿಸಿದಷ್ಟು ಬೇರೆಯವರಿಗೆ ಕೇಳಿಸಿರುವುದಿಲ್ಲ.

*ಎಡವುವ ಜಾಗ:* ಉಚ್ಚಾರಣೆ ಬದಲಿಸುವ ಕೋರ್ಸಿಗೆ ದುಡ್ಡು ಸುರಿಯುವುದು. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡುವುದನ್ನು ಮೊದಲು ಅಭ್ಯಾಸ ಮಾಡಿ. ಧಾರವಾಡದ ಧಾಟಿ, ಮಂಗಳೂರಿನ ಧಾಟಿ ಇದ್ದರೆ ಇರಲಿ ಬಿಡಿ.

ಹಂತ 5: ಒಬ್ಬರನ್ನು ಕೇಳಿ, ಸರಿಯಾದ ಪ್ರಶ್ನೆ ಕೇಳಿ

ದೂರದ ಬೆಟ್ಟ ನುಣ್ಣಗೆ. ನಿಮ್ಮ ಒಳಗಿನ ಗೊಂದಲ ನಿಮಗೆ ಪೂರ್ತಿ ಕಾಣುತ್ತದೆ, ಬೇರೆಯವರದ್ದು ಹೊರಗಿನ ಇಸ್ತ್ರಿ ಮಾಡಿದ ಅಂಗಿ ಮಾತ್ರ ಕಾಣುತ್ತದೆ. ನನ್ನ ಮೊದಲ ಟೀಮಿನಲ್ಲಿ ಎಲ್ಲಾ ಗೊತ್ತಿದ್ದ ಹಾಗೆ ಮಾತಾಡುತ್ತಿದ್ದ ಒಬ್ಬರು ಪ್ರತಿ ಕಾಲ್‌ಗೂ ಮುಂಚೆ ಮೆಟ್ಟಿಲ ಹತ್ತಿರ ನಿಂತು ಒಬ್ಬರೇ ಗುನುಗಿಕೊಳ್ಳುತ್ತಿದ್ದರು. ನಾನು ಅದನ್ನು ನೋಡಿದ್ದು ಒಂದು ವರ್ಷ ಆದ ಮೇಲೆ.

ನಂಬಿಕೆಯ ಸೀನಿಯರ್ ಒಬ್ಬರ ಹತ್ತಿರ ಅರ್ಧ ಗಂಟೆ ಕೇಳಿ. ‘ನಾನು ಹೇಗೆ ಮಾಡ್ತಾ ಇದ್ದೀನಿ?’ ಎಂದು ಕೇಳಬೇಡಿ. ‘ಚೆನ್ನಾಗಿ ಮಾಡ್ತಾ ಇದ್ದೀಯಪ್ಪಾ’ ಎಂದು ಬೆನ್ನು ತಟ್ಟುತ್ತಾರೆ. ಆ ಮಾತನ್ನು ನೀವು ನಂಬುವುದಿಲ್ಲ, ಬೇಡದ ಒಂದು ಚಹಾ ಖರ್ಚು. ‘ಹೋದ ವಾರದ ರಿಪೋರ್ಟಿನಲ್ಲಿ ಒಂದೇ ಒಂದು ಬದಲಾಯಿಸಬೇಕು ಅಂದ್ರೆ ಯಾವುದು?’, ‘ಮುಂದಿನ ಹುದ್ದೆಗೆ ನನ್ನಲ್ಲಿ ಯಾವುದು ಕಮ್ಮಿ ಇದೆ?’ ಎಂದು ಕೇಳಿ. ಬಂದ ಉತ್ತರ *ಕ* ರಾಶಿಗೆ. ಅವರು ಹೇಳದೆ ಬಿಟ್ಟದ್ದು ಬಹುಶಃ *ಭ* ರಾಶಿಗೆ.

ಮನೆಯವರನ್ನು ಇದಕ್ಕೆ ಆರಿಸಿಕೊಳ್ಳಬೇಡಿ. ಅಮ್ಮನಿಗೆ ನೀವು ಯಾವಾಗಲೂ ಜಾಣರೇ.

ಹಂತ 6: ಹೊಗಳಿದರೆ ‘ಥ್ಯಾಂಕ್ಸ್’ ಅಂದು ನಿಲ್ಲಿಸಿ

‘ಅಯ್ಯೋ ಅದೇನು ಮಹಾ’, ‘ಎಲ್ಲಾ ಟೀಮಿನವರದು’ ಇದ್ಯಾವುದೂ ಬೇಡ. ಥ್ಯಾಂಕ್ಸ್, ಆಮೇಲೆ ಫುಲ್‌ಸ್ಟಾಪ್. ಎರಡು ವಾರ ಬಾಯಿ ಕಡಿಯುತ್ತದೆ, ಆಮೇಲೆ ರೂಢಿಯಾಗುತ್ತದೆ.

ಹಂತ 7: ಅಪ್ರೈಸಲ್ ಫಾರಂ ತುಂಬಿ

ಅಪ್ರೈಸಲ್ ಅಂದರೆ ವರ್ಷದ ಕೆಲಸದ ಮೌಲ್ಯಮಾಪನ. ಹೆಚ್ಚಿನ ಕಂಪನಿಗಳಲ್ಲಿ ಮೊದಲು ನಿಮ್ಮ ಬಗ್ಗೆ ನೀವೇ ಬರೆಯಬೇಕು. ‘ತುಂಬಿದ ಕೊಡ ತುಳುಕುವುದಿಲ್ಲ’ ಎಂದು ಕೇಳಿಕೊಂಡೇ ಬೆಳೆದ ನಮಗೆ ಈ ಫಾರಂ ದೊಡ್ಡ ಶಿಕ್ಷೆ. ಕೊಡದ ಮಾತು ನಿಜವೇ. ಆದರೆ ನಿಮ್ಮ ಮ್ಯಾನೇಜರ್‌ಗೆ ಇಂಥ ಹತ್ತು ಹದಿನೈದು ಕೊಡಗಳು. ಒಂದೊಂದನ್ನೂ ಎತ್ತಿ ನೋಡಲು ಅವರಿಗೆ ಪುರುಸೊತ್ತಿಲ್ಲ.

ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಪ್ರತಿ ಗುರಿಯ ಕೆಳಗೆ ಎರಡು ಮೂರು ಸಾಲು ಬರೆಯಿರಿ: ಸಮಸ್ಯೆ ಏನಿತ್ತು, ನಾನು ಏನು ಮಾಡಿದೆ, ಏನಾಯಿತು. ನೀವೇ ಮಾಡಿದ ಕೆಲಸಕ್ಕೆ ‘ನಾವು’ ಎಂದು ಬರೆಯಬೇಡಿ. ವಿನಯ ತೋರಿಸಲು ನಾವು ಹಾಗೆ ಬರೆಯುತ್ತೇವೆ, ಓದುವವರಿಗೆ ಯಾರು ಮಾಡಿದ್ದೆಂದು ತಿಳಿಯುವುದಿಲ್ಲ. ನಾಲ್ವರು ಮಾಡಿದ್ದರೆ ‘ನಾಲ್ವರ ಟೀಮ್, ನನ್ನ ಭಾಗ ಇದು’ ಎಂದು ಬರೆಯಿರಿ. ಅದರಲ್ಲಿ ಜಂಬವೂ ಇಲ್ಲ, ಸುಳ್ಳೂ ಇಲ್ಲ.

*ಎಡವುವ ಜಾಗ:* ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ತುಂಬುವುದು. ಆಗ ನೆನಪಿಗೆ ಬರುವುದು ಹೋದ ತಿಂಗಳ ತಪ್ಪು ಮಾತ್ರ.

ಹಂತ 8: ತೊಂದರೆ ನಿಮ್ಮದೋ, ಜಾಗದ್ದೋ ನೋಡಿ

ಇದನ್ನು ಬಿಟ್ಟರೆ ಮಾರ್ಗದರ್ಶಿ ಅನ್ಯಾಯದ್ದಾಗುತ್ತದೆ. ರುಚಿಕಾ ತುಲ್‌ಶ್ಯಾನ್ ಮತ್ತು ಜೋಡಿ-ಆನ್ ಬ್ಯೂರಿ 2021ರಲ್ಲಿ ಒಂದು ಲೇಖನ ಬರೆದರು. ಹೆಂಗಸರಿಗೆ ಇಂಪಾಸ್ಟರ್ ಸಿಂಡ್ರೋಮ್ ಇದೆ ಎಂದು ಹೇಳುವುದನ್ನು ನಿಲ್ಲಿಸಿ, ಅವರಿಗೆ ಹಾಗೆ ಅನ್ನಿಸುವಂತೆ ಮಾಡುವ ಆಫೀಸನ್ನು ಸರಿಮಾಡಿ ಎನ್ನುವುದು ಅದರ ತಿರುಳು. ನಾನು ಒಪ್ಪುತ್ತೇನೆ.

ನೋಟ್‌ಬುಕ್ಕಿನಲ್ಲಿ ಇವು ಪದೇ ಪದೇ ಬಂದಿವೆಯೇ ನೋಡಿ. ನೀವು ಹೇಳಿದಾಗ ಯಾರೂ ಕೇಳದ ಮಾತನ್ನು ಇನ್ನೊಬ್ಬರು ಹೇಳಿದಾಗ ‘ವಾಹ್’ ಅನ್ನುತ್ತಾರೆ. ಮೀಟಿಂಗಿನ ಟಿಪ್ಪಣಿ ಬರೆಯುವುದು, ಕೇಕ್ ತರಿಸುವುದು ಯಾವಾಗಲೂ ಟೀಮಿನ ಹೆಂಗಸರ ಪಾಲಿಗೇ ಬರುತ್ತದೆ. ನಿಮ್ಮ ಊರು, ಕಾಲೇಜು, ಜಾತಿ, ಉಚ್ಚಾರಣೆ ತಮಾಷೆಯ ವಸ್ತುವಾಗಿದೆ. ನಿಮ್ಮ ಹಿಂದೆ ಅದೇ ಸೀಟಿನಲ್ಲಿ ಇದ್ದವರೂ ಹೀಗೇ ಕುಗ್ಗಿ ಹೋಗಿದ್ದರು. ಇಂಥ ಕಡೆ ನಿಮ್ಮ ಅನುಮಾನ ತಪ್ಪಲ್ಲ, ಅದು ಸರಿಯಾದ ವರದಿ. ದಿನಾಂಕದ ಸಮೇತ ಬರೆದಿಡಿ, ಮ್ಯಾನೇಜರ್ ಅಥವಾ ಎಚ್‌ಆರ್ ಹತ್ತಿರ ಮಾತಾಡಿ. ಬದಲಾಗದಿದ್ದರೆ ಬೇರೆ ಟೀಮ್ ಹುಡುಕಿ. ಇದಕ್ಕೆ ಆತ್ಮವಿಶ್ವಾಸದ ತರಬೇತಿ ಪರಿಹಾರವಲ್ಲ.

ಯಾವಾಗ ಇಷ್ಟು ಸಾಲದು

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಭಾನುವಾರ ಸಂಜೆಯಾದರೆ ಎದೆ ಡವಗುಟ್ಟುತ್ತದೆ, ಬದುಕೇ ಬೇಡ ಅನ್ನಿಸುತ್ತದೆ, ಇವುಗಳಲ್ಲಿ ಯಾವುದಿದ್ದರೂ ನೋಟ್‌ಬುಕ್ ಪಕ್ಕಕ್ಕಿಡಿ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಆಪ್ತಸಮಾಲೋಚಕರು ಅಂದರೆ ಕೌನ್ಸೆಲರ್. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೂರು ತಿಂಗಳಾದ ಮೇಲೆ

ಮೊದಲ ವಾರದ ಪುಟ ತೆಗೆಯಿರಿ. ಅಲ್ಲಿನ *ಕ*ಗಳಲ್ಲಿ ಎಷ್ಟನ್ನು ಈಗ ಬೇರೆಯವರಿಗೆ ಹೇಳಿಕೊಡುತ್ತಿದ್ದೀರಿ ಎಂದು ಎಣಿಸಿ. *ಮ*ಗಳಲ್ಲಿ ಹೆಚ್ಚಿನವು ಕೊನೆಯ ಪುಟದ ಪಟ್ಟಿಗೆ ಸೇರಿ ಮರೆತೇ ಹೋಗಿರುತ್ತವೆ. *ಭ* ಸೊನ್ನೆ ಆಗಿರುವುದಿಲ್ಲ. ಹೊಸ ಟೀಮ್, ಹೊಸ ಹುದ್ದೆ ಬಂದ ವಾರ ಅದು ಮತ್ತೆ ಜಾಸ್ತಿಯಾಗುತ್ತದೆ. ಆ ವಾರ ಹೊಸ ಪುಟ ತೆಗೆದು ಹಂತ 1ರಿಂದ ಶುರು ಮಾಡಿ. ಹಳೆಯ ನೋಟ್‌ಬುಕ್ ಮಾತ್ರ ರದ್ದಿಗೆ ಹಾಕಬೇಡಿ, ಮುಂದಿನ ಇಂಟರ್‌ವ್ಯೂಗೆ ರೆಸ್ಯೂಮೆ ಬರೆಯುವಾಗ ಬೇಕಾಗುತ್ತದೆ.